ಜೋಳದ ಕಾಳಿನಷ್ಟು

ಗಿಣಿಶಾಸ್ತ್ರ ಹೇಳುವ ಕುಲ್ಸುಮ್ ಬೀಯ ಕೈಯಲ್ಲಿದ್ದ ಎರಡೂ ರಟ್ಟಿನ ಪಟಗಳನ್ನು ಅಂಬಾದಾಸ ತಾನೇ ಇಸಿದುಕೊಂಡ.

"ನೀ ಇಡಬ್ಯಾಡ ಬೀ, ನಾನ ಇಡ್ತೀನಿ. ಆಮ್ಯಾಲ ಹೆಣ್ಮಕ್ಕಳ ಕೈವಾಡ ಅಂತ ಮಾತು ಬರಬಾರ್ದು."

"ಇಡ್ರಿ ಸಾವಕಾರ್ರ. ಯಾರಿಟ್ರೂ ಹಕ್ಕಿಗೇನು?"

ಧೈರ್ಯದಿಂದಲೇ ಹೇಳಿದಳು. ಗಿಣಿ ಸರಸ್ವತಿಯ ಪಟ ಎತ್ತಿದರೆ ಅಂಬಾದಾಸನ ಮಗಳು ಸುಗಂಧಾ ಕಲಬುರ್ಗಿಯ ಸೋದರತ್ತೆಯ ಮನೆಯಲ್ಲಿದ್ದು ಸಾಲಿ ಕಲಿಯುತ್ತಾಳೆ. ಕಲಶದ ಪಟ ಎತ್ತಿದರೆ ನಿರ್ಣಾ ಊರಿನ ಎರಡು ಮಕ್ಕಳ ವಿಧುರನೊಂದಿಗೆ ಮಾಘದಲ್ಲಿ ಮದುವೆ. ಹುಡುಗಿಗೆ ಹದಿಮೂರು. ಗಿಣಿ ಎತ್ತಿದ್ದೇ ಖರೆ ಎಂದು ಅಂಬಾದಾಸ ಎಲ್ಲರೆದುರು ಮಾತು ಕೊಟ್ಟಿದ್ದ.

ನಿನ್ನೆ ಬಾವಿಯ ಹತ್ತಿರ ಅವನ ಹೆಂಡತಿ ಕಮಳಾಬಾಯಿ ಈ ಮದುವೆ ತಪ್ಪಿಸೆಂದು ಕುಲ್ಸುಮ್ ಬೀಯ ಸೆರಗು ಹಿಡಿದು ಅತ್ತಿದ್ದಳು. ಅದಕ್ಕೇ ಇಂದು ಸರಸ್ವತಿಯ ಪಟ ಕಲಶದ್ದಕ್ಕಿಂತ ಒಂದು ಜೋಳದ ಕಾಳಿನಷ್ಟು ದೊಡ್ಡದಿತ್ತು. ಮನುಷ್ಯರ ಗಮನಕ್ಕೆ ಬಾರದ ಆ ವ್ಯತ್ಯಾಸ ಗಿಣಿಗೆ ಸಾಕು. ದೊಡ್ಡದನ್ನು ಎತ್ತಿದರಷ್ಟೇ ಶೇಂಗಾ ಎಂದು ಮೂರು ವರ್ಷ ಕಲಿಸಿದ್ದಳು.

ಅವಳು ತನ್ನ ಬಿಳಿಯ ಹಾಸು ಬಿಡಿಸುವಷ್ಟರಲ್ಲಿ ಕಮಳಾಬಾಯಿ ತಡೆದಳು. "ಅದು ಮಾಸೇದ ಬೀ. ಸರಸ್ವತಿ ಕುಂಡ್ರೂ ಜಾಗಾ ಇದು." ಪಟ್ಟೆಪಟ್ಟೆಯ ಹೊಸ ಸತರಂಜಿ ತಂದು ಹಾಸಿದಳು. ಗಾಳಿಗೆ ಏಳದಿರಲೆಂದು ಆಚೆಯ ತುದಿಯನ್ನು ಎರಡು ಜೋಳದ ಚೀಲಗಳ ನಡುವೆ ತುರುಕಿದಳು. ಅಗಲವಾಗಿ ಹೊರಟ ಪಟ್ಟೆಗಳು ಅಲ್ಲಿ ಹೋಗಿ ಒಂದಕ್ಕೊಂದು ಒತ್ತಿಕೊಂಡವು.

ಅಂಬಾದಾಸ ಸರಸ್ವತಿಯನ್ನು ಪಂಜರದ ಹತ್ತಿರ ಇಟ್ಟ, ಕಲಶವನ್ನು ಚೀಲಗಳ ಹತ್ತಿರ.

ಗಿಣಿ ಹೊರಬಂತು. ಒಂದು ಕಣ್ಣಿನಿಂದ ನೋಡಿತು, ಕತ್ತು ತಿರುಗಿಸಿ ಇನ್ನೊಂದರಿಂದ ನೋಡಿತು. ಸರಸ್ವತಿಯನ್ನು ದಾಟಿ ನಡೆದುಹೋಗಿ ಕಲಶವನ್ನು ಎತ್ತಿತು.

"ನೋಡ್ರಿ!" ಅಂಬಾದಾಸ ತೊಡೆ ತಟ್ಟಿದ. "ಹತ್ತರ ಇದ್ದದ್ದು ಬಿಟ್ಟು ದೂರ ಹೋಗಿ ತಂತು. ದೇವರ ಮಾತಲ್ಲೇನಿದು?"

ನಿರ್ಣಾಕ್ಕೆ ಸುದ್ದಿ ಕಳಿಸಲು ಅವನು ಹೊರಟುಹೋದ. ಕಮಳಾಬಾಯಿ ಒಳಗೆ ಓಡಿದಳು. ಕುಲ್ಸುಮ್ ಬೀ ಎರಡೂ ಪಟಗಳನ್ನು ಅದೇ ಜಾಗಗಳಲ್ಲಿಟ್ಟು, ಪಂಜರದ ಬಾಗಿಲಿನ ಮಟ್ಟಕ್ಕೆ ಕೆನ್ನೆ ಇಳಿಸಿ ನೋಡಿದಳು. ಒತ್ತಿಕೊಂಡ ಪಟ್ಟೆಗಳ ನಡುವೆ ಕಲಶವೇ ದೊಡ್ಡದಾಗಿ ಕಂಡಿತು. ಪಟ್ಟೆಗಳನ್ನು ಅಂಗೈಯಿಂದ ಮರೆಮಾಡಿದಳು, ಚಿಕ್ಕದಾಯಿತು. ಕೈ ತೆಗೆದಳು, ಮತ್ತೆ ದೊಡ್ಡದಾಯಿತು. ಗಿಣಿ ಕಲಿತದ್ದನ್ನೇ ಮಾಡಿತ್ತು, ಶೇಂಗಾಕ್ಕಾಗಿ ಇನ್ನೂ ಕಾಯುತ್ತಿತ್ತು.

ಕಮಳಾಬಾಯಿ ಕಣ್ಣೊರೆಸಿಕೊಂಡು ಬಂದಳು. "ಹ್ಯಾಂಗ ತಪ್ಪಿತು? ನಿರ್ಣಾದವರ ಉಪ್ಪು ತಿಂದಿ ಏನು?"

ಕುಲ್ಸುಮ್ ಬೀಯ ಕಣ್ಣು ಒಮ್ಮೆ ಆ ಚೀಲಗಳ ಕಡೆಗೆ ಹೋಯಿತು. ಹೇಳಿದರೆ ತಾನು ಬಚಾವು. ಆದರೆ ಈ ಹೆಂಗಸು ಬದುಕಿರುವವರೆಗೆ ಆ ಸತರಂಜಿ ಹಾಸಿದ ತನ್ನೆರಡು ಕೈಗಳನ್ನು ನೋಡಿಕೊಳ್ಳುತ್ತಲೇ ಇರಬೇಕಾಗುತ್ತದೆ.

"ಹಕ್ಕಿಗೆ ವಯಸ್ಸಾಗೇದ ಬಾಯಿ."

"ನಾಲಿಗಿ ಬಿದ್ದು ಹೋಗಲಿ ನಿಂದು. ಮತ್ತ ಈ ಹೊಸ್ತಿಲ ತುಳೀಬ್ಯಾಡ."

ಮನೆಯಲ್ಲಿ ಗಂಡ ಮಹೆಬೂಬನಿಗೂ ಹೇಳಬಾರದೆಂದು ಅವಳು ಅಂಗಳಕ್ಕಿಳಿಯುವ ಮೊದಲೇ ನಿರ್ಧರಿಸಿದಳು. ಸುಗಂಧಾ ಮೊರದಲ್ಲಿ ತೊಗರಿ ಕೇರುತ್ತಿದ್ದಳು.

"ಬೀ, ನಿರ್ಣಾ ಕಲಬುರ್ಗಿಕಿಂತ ದೂರ ಅದೇನ್ರಿ?"

"ಇಲ್ಲ ಮಗಳ. ಭಾಳ ಹತ್ತರ."

ಹುಡುಗಿ ತಲೆಯಾಡಿಸಿ ಮೊರ ಎತ್ತಿದಳು. ಹೊಟ್ಟು ಗಾಳಿಗೆ ಹಾರಿ ಗೋಡೆಯಾಚೆ ಹೋಯಿತು.