ಭೀಮಗೊಂಡರ ಬೇರು

ಹಾವು ಕಚ್ಚಿದರೆ ನೇಸರಿ ಸುತ್ತಿನ ಜನ ಮೊದಲು ಓಡಿ ಬರುತ್ತಿದ್ದದ್ದು ಭೀಮಗೊಂಡರ ಮನೆಗೆ. ಅವರು ಒಂದು ಬೇರು ತೇಯ್ದು ಕುಡಿಸುತ್ತಿದ್ದರು, ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ. ಅದೇ ಮನೆಯ ಸೊಸೆ ಪ್ರಾಜಕ್ತಾ ಆಶಾ ಕಾರ್ಯಕರ್ತೆ. "ಹಗ್ಗಾ ಬಿಗೀಬ್ಯಾಡ್ರಿ, ಕೊಯ್ಯಬ್ಯಾಡ್ರಿ, ಅಲುಗಾಡಿಸದ ದವಾಖಾನಿಗೆ ಒಯ್ರಿ" ಎಂದು ಹತ್ತು ವರ್ಷ ಮನೆಮನೆ ತಿರುಗಿದ್ದಳು. ಜನ ತಲೆಯಾಡಿಸುತ್ತಿದ್ದರು. ಕಚ್ಚಿದ ದಿನ ಮಾತ್ರ ಅವಳನ್ನು ದಾಟಿಕೊಂಡು ಮಾವನ ಜಗಲಿ ಹತ್ತುತ್ತಿದ್ದರು.

ಆ ಬೆಳಿಗ್ಗೆ ಕಬ್ಬಿಗೆ ನೀರು ಹಾಯಿಸಲು ಹೋದ ಭೀಮಗೊಂಡರು ಚೀರಿದ್ದು ಕೇಳಿ ಅವಳು ಓಡಿದಳು. ಮಾವ ಬದುವಿನ ಮೇಲೆ ಕುಸಿದಿದ್ದರು. ಹಿಮ್ಮಡಿಯಿಂದ ರಕ್ತ ಸೋರುತ್ತಿತ್ತು.

"ಕೊಳಕಮಂಡಲ," ಎಂದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಮೆಲ್ಲಗೆ, "ಗಡಹಿಂಗ್ಲಜ ದವಾಖಾನಿಗೆ ಒಯ್ಯವಾ ನನ್ನ. ಲಗೂನ."

"ಬೇರು ಬ್ಯಾಡೇನ್ರಿ?"

ಮಾತು ಬಾಯಿಂದ ಜಾರಿತ್ತು. ಮಾವ ಮುಖ ಆಚೆ ತಿರುಗಿಸಿದರು. ಇಂಥ ಹೊತ್ತಿನಲ್ಲಿ ಕೇಳಿದೆನಲ್ಲ ಎಂದು ನಾಚಿಕೆಯಾದರೂ ಅವಳ ಸಿಟ್ಟು ಇಳಿಯಲಿಲ್ಲ. ಅವರನ್ನು ಮಲಗಿಸಿದಳು. ಬಾವು ಏರುವ ಮೊದಲೇ ಕಾಲಿನ ಬೆಳ್ಳಿ ಕಡಗ ಕಳಚಿದಳು. ಕಾಲು ಅಲುಗದಂತೆ ಎರಡು ಬದಿಗೆ ಕಬ್ಬಿನ ಜಲ್ಲೆ ಇಟ್ಟು ಟವೆಲ್ಲಿನಿಂದ ಸಡಿಲಾಗಿ ಕಟ್ಟಿ, ಪಕ್ಕದ ಹೊಲದ ಅಭಿಜಿತನಿಗೆ ಜೀಪು ತರಲು ಕೂಗಿದಳು.

ಜೀಪು ಬಂತು. ಜೊತೆಗೆ ನಾಲ್ಕೈದು ಜನರೂ ಬಂದರು.

"ಹುಚ್ಚ ಹಿಡದೈತೇನ್ ವೈನಿ?" ಎಂದ ಅಭಿಜಿತ. "ಹ್ವಾದ ವರ್ಷ ನನ್ನ ಜೀವಾ ಉಳಿಸಿದ್ದ ಕಾಕಾನ ಬೇರು. ಮನ್ಯಾಗ ಔಷಧಿ ಇಟಗೊಂಡ ದವಾಖಾನಿಗ್ಯಾಕ?"

ಒಬ್ಬ ಬೇರು ತರಲು ಮನೆಯ ಕಡೆ ಓಡಿಯೇಬಿಟ್ಟ. ಇನ್ನೊಬ್ಬ ತೊಡೆಗೆ ಬಿಗಿಯಲು ಹಗ್ಗ ಹಿಡಿದು ಬಗ್ಗಿದ. ಪ್ರಾಜಕ್ತಾ ಹಗ್ಗ ಕಿತ್ತೆಸೆದಳು.

"ಮಾವಾರ, ನೀವರ ಹೇಳ್ರಿ!"

ಭೀಮಗೊಂಡರು ಕಣ್ಣು ಮುಚ್ಚಿದರು. ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಜನ ಇನ್ನೂ ವಾದಿಸುತ್ತಲೇ ಇದ್ದರು. ಸೈಕಲ್ಲನ್ನೂ ಹೊಡೆದು ಗೊತ್ತಿಲ್ಲದ ಪ್ರಾಜಕ್ತಾ ಜೀಪಿನ ಸ್ಟೇರಿಂಗ್ ಮುಂದೆ ಹತ್ತಿ ಕೂತಳು.

"ಕೀಲಿ ಕೊಡು. ನಾನ ಹೊಡೀತೇನಿ!"

ಅಭಿಜಿತ ಗಾಬರಿಯಾಗಿ ಅವಳನ್ನು ಇಳಿಸಿ, ಕಾಕಾನನ್ನು ಹಿಂದೆ ಮಲಗಿಸಿಕೊಂಡು ಗಾಡಿ ಬಿಟ್ಟ.

ದವಾಖಾನೆಯಲ್ಲಿ ಗಾಜಿನ ನಳಿಕೆಗೆ ಹಾಕಿದ ರಕ್ತ ಇಪ್ಪತ್ತು ನಿಮಿಷವಾದರೂ ಹೆಪ್ಪುಗಟ್ಟಲಿಲ್ಲ; ವಿಷ ರಕ್ತಕ್ಕೆ ಇಳಿದಿತ್ತು. ವಿಷ ಇಳಿಸುವ ಮದ್ದನ್ನು ಸಲಾಯಿನ್ನಿನಲ್ಲಿ ಏರಿಸಿದರು. ಒಂಬತ್ತನೆಯ ದಿನ ಮಾವ ಮನೆಗೆ ಬಂದರು.

ಜಗಲಿ ತುಂಬ ಜನ. "ಅಷ್ಟ ವರ್ಷ ಬೇರ ಮುಟ್ಟಿದ ಮೈ ಅದು, ಅದಕ್ಕ ತಡಕೊಂಡಾರ," ಎಂದ ಯಾರೋ. ಎಲ್ಲರೂ ಹೌದೆಂದರು. ಚಹಾದ ತಾಟು ಹಿಡಿದು ನಿಂತ ಪ್ರಾಜಕ್ತಾ ಮಾವನ ಬಾಯನ್ನೇ ನೋಡಿದಳು. ಮಾವ ಚಹಾ ಕುಡಿದರು.

ಜನ ಹೋದ ಮೇಲೆ ಕೇಳಿದಳು, "ಯಾಕ ಸುಮ್ಮ ಕುಂತ್ರಿ?"

"ಖರೇ ಹೇಳಿದ್ರ, ನಾ ಕುಡಿಸಿದ ಮ್ಯಾಲೂ ಸತ್ತಾವರ ಮನಿ ಮುಂದ ಹ್ಯಾಂಗ ಹಾಯ್ಲಿ ಅವ್ವಾ? ಆಯುಷ್ಯ ತೀರಿತ್ತಂತ ಸಮಾಧಾನ ಮಾಡ್ಕೊಂಡಾರ ಅವರು."

ಅವಳು ಖಾಲಿ ಕಪ್ಪುಗಳನ್ನು ತಾಟಿನೊಳಗೆ ಕುಕ್ಕಿದಳು.

"ಇನ್ನ ಮುಂದ ಸಾಯೋರ ಮನಿ ಮುಂದ ಹ್ಯಾಂಗ ಹಾಯ್ತೀರಿ?"

ಮಾವ ಗೋಡೆಯತ್ತ ಹೊರಳಿ ಮಲಗಿದರು.

ಹದಿನೈದು ದಿನಕ್ಕೆ ಅದೇ ಊರಿನ ತಾರವ್ವನನ್ನು ಅವಳ ಗಂಡ ಮೋಟಾರ್ ಸೈಕಲ್ಲಿನಲ್ಲಿ ಕರೆತಂದ. ಮೇವು ಕೊಯ್ಯುವಾಗ ಬೆರಳಿಗೆ ಹಾವು ಕಚ್ಚಿತ್ತು. ಭೀಮಗೊಂಡರು ಕುಂಟುತ್ತ ಹೊರಗೆ ಬಂದು ಸೊಸೆಯನ್ನು ನೋಡಿದರು.

"ಬೇರು ಮುಗದೈತಿ," ಎಂದರು. "ದವಾಖಾನಿಗೆ ಒಯ್ರಿ."

"ಮುಗದ್ರೇನಾತ್ರಿ? ಯಾವ ಗುಡ್ಡದಾಗ ಸಿಗತೈತಿ ಹೇಳ್ರಿ, ಈಗ ಕಿತ್ತಗೊಂಡ ಬರ್ತೇನಿ!" ಎಂದ ತಾರವ್ವನ ಗಂಡ.

ಪ್ರಾಜಕ್ತಾ ಹಣೆ ಚಚ್ಚಿಕೊಂಡಳು. ಬೇರಿನಲ್ಲಿ ಏನೂ ಇಲ್ಲ ಎನ್ನುವ ಒಂದು ಮಾತು ಮಾವನ ಬಾಯಿಂದ ಬರಲಿಲ್ಲವಲ್ಲ! ಬಾವು ಬರುತ್ತಿದ್ದ ಕೈಯಿಂದ ಬಳೆ ತೆಗೆಯುತ್ತ, ಬೈಯುತ್ತ, ಅಭಿಜಿತನಿಗೆ ಫೋನು ಹಚ್ಚಿದಳು.

ತಾರವ್ವ ಉಳಿದಳು. ಅವಳ ಗಂಡ ಮಾತ್ರ ಊರ ತುಂಬ ಹೇಳಿಕೊಂಡು ತಿರುಗಿದ: "ಭೀಮಗೊಂಡರ ಹಂತ್ಯಾಕ ಬೇರು ಮುಗದಿತ್ರಿ, ಅದಕ್ಕ ಆರ ದಿನಾ ದವಾಖಾನ್ಯಾಗ ಬೀಳಬೇಕಾತ."