ಒಂದು ಸೀಟಿ, ಎರಡು ಸೀಟಿ

ಊಟದ ಮೇಜಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿ, ಅದರ ಮೇಲೆ ಕಂಪ್ಯೂಟರಿನ ಪೆಟ್ಟಿಗೆಯನ್ನು ಅಡ್ಡಡ್ಡ ಮಲಗಿಸಿ, ದೊಡ್ಡ ಸೊಸೆ ಅದರ ಪಕ್ಕದ ತಗಡನ್ನು ಜಾರಿಸಿ ತೆಗೆದಾಗ ಮಧ್ಯಾಹ್ನ ಎರಡೂವರೆ ಗಂಟೆ. ನಾಲ್ಕಕ್ಕೆ ಮಾವನ ಮಾತಿನ ಪಾಠ. ಅಷ್ಟರೊಳಗೆ ಹೊಸ ವೈಫೈ ಕಾರ್ಡು ಒಳಗೆ ಕೂರಬೇಕು, ಕಂಪ್ಯೂಟರು ಮಾವನ ಕೋಣೆ ಸೇರಬೇಕು, ಪರದೆಯ ಮೇಲೆ ಪಾಠದ ಟೀಚರ್ ಮುಖ ಮೂಡಬೇಕು.

ಮಾವ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವನು ಬೆಚ್ಚಿಬೀಳುವಂಥ ಗಂಟಲು. ಹೋದ ವರ್ಷ ಲಕ್ವ ಹೊಡೆದು ಆ ಗಂಟಲು ಮೂಲೆಗೆ ಸೇರಿತು. ಕೈಕಾಲು ಬಹುಮಟ್ಟಿಗೆ ವಾಪಸು ಬಂದವು, ಮಾತು ಮಾತ್ರ ಇನ್ನೂ ಅರ್ಧ ದಾರಿಯಲ್ಲಿತ್ತು. ವಾರಕ್ಕೆ ಎರಡು ಸಲ ಟೀಚರೊಬ್ಬರು ಕಂಪ್ಯೂಟರಿನಲ್ಲಿ ಬಂದು ಅವರಿಂದ ಶಬ್ದಗಳನ್ನು ಒಂದೊಂದಾಗಿ ಹೊರಗೆ ಎಳೆಸುತ್ತಿದ್ದರು. ಊದುವುದೂ ತುಟಿಗೆ ಒಳ್ಳೆಯ ವ್ಯಾಯಾಮ ಎಂದು ಅವರೇ ಹೇಳಿದ ಮೇಲೆ ಮಾವನ ಹಳೇ ಸೀಟಿ ಪೆಟ್ಟಿಗೆಯಿಂದ ಹೊರಬಂದು ಕೊರಳಿಗೆ ಬಿತ್ತು. ಅಂದಿನಿಂದ ಅದೇ ಅವರ ನಾಲಿಗೆ. ಒಂದು ಸಲ ಊದಿದರೆ ದೊಡ್ಡ ಸೊಸೆ ಬರಬೇಕು, ಎರಡು ಸಲ ಊದಿದರೆ ಚಿಕ್ಕ ಸೊಸೆ.

ದೊಡ್ಡ ಸೊಸೆಯ ಸಂಕಟ ಶುರುವಾದದ್ದು ಅಲ್ಲಿಂದಲೇ. ಅವಳು ಸೀಟಿ ಎಣಿಸುತ್ತಿದ್ದಳು.

ಅವಳು ಮನೆಯಲ್ಲೇ ಕೂತು ಪುಸ್ತಕಗಳ ಪುಟ ಜೋಡಿಸುವ ಕೆಲಸ ಮಾಡುವವಳು. ಬೆಳಗಿನಿಂದ ಸಂಜೆಯವರೆಗೆ ಮಾವನ ಪಕ್ಕದ ಕೋಣೆಯಲ್ಲೇ ಇರುತ್ತಾಳೆ. ಚಿಕ್ಕವಳಾದರೋ ಕನ್ನಡಕದ ಅಂಗಡಿಗೆ ಹತ್ತಕ್ಕೆ ಹೋದರೆ ಬರುವುದು ಆರಕ್ಕೆ. ಆದರೂ ಲೆಕ್ಕ ನೋಡಿದರೆ ನಿನ್ನೆ ಎರಡು ಸೀಟಿ ಏಳು ಸಲ, ಒಂದು ಸೀಟಿ ಒಂದೇ ಸಲ. ಅದೂ ಕರೆಂಟು ಹೋಗಿತ್ತು ಅಂತ. ಸಂಜೆ ಗೇಟು ಕಿರ್ರೆಂದ ತಕ್ಷಣ ಒಳಗಿನಿಂದ 'ಪೀ ಪೀ' ಎನ್ನುವುದನ್ನು ಕೇಳಿದಾಗ ಅವಳ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ಹನ್ನೊಂದು ವರ್ಷ ಈ ಮನೆಯ ಫ್ಯೂಸು ಕಟ್ಟಿದವಳು ಯಾರು, ನಲ್ಲಿಗೆ ವಾಷರ್ ಹಾಕಿದವಳು ಯಾರು, ಇಸ್ತ್ರಿಪೆಟ್ಟಿಗೆ ಬಿಚ್ಚಿದವಳು ಯಾರು? 'ಇಂಜಿನಿಯರಮ್ಮ' ಎಂದು ಬಾಯಿ ತುಂಬ ಕರೆಯುತ್ತಿದ್ದ ಮಾವನಿಗೆ ಈಗ ಎಂಟು ತಿಂಗಳ ಹಿಂದೆ ಬಂದವಳೇ ಎಲ್ಲದಕ್ಕೂ ಬೇಕು!

ಮೊನ್ನೆ ಮಾವನ ವಾಕರಿನ ಕಾಲು ನೆಲದ ಮೇಲೆ ಹಾದುಹೋಗಿದ್ದ ಇಂಟರ್‌ನೆಟ್ ತಂತಿಗೆ ಸಿಕ್ಕಿತು. ಪುಣ್ಯಕ್ಕೆ ಬಿದ್ದದ್ದು ಹಾಸಿಗೆಯ ಮೇಲೆ. "ಇನ್ನು ಈ ಮನೇಲಿ ನೆಲದ ಮೇಲೆ ಒಂದು ದಾರ ಕೂಡ ಇರಬಾರದು" ಎಂದು ಅತ್ತೆ ಅಪ್ಪಣೆ ಕೊಟ್ಟರು. ಮೆಕ್ಯಾನಿಕ್‌ನನ್ನು ಕರೆಸೋಣ ಎಂದ ಗಂಡನಿಗೆ ದೊಡ್ಡ ಸೊಸೆ, "ಯಾಕೆ, ನಾನು ಸತ್ತಿದ್ದೀನಾ? ವೈರ್‌ಲೆಸ್ ಕಾರ್ಡ್ ಒಂದು ತಂದ್ಕೊಡಿ, ಸಾಕು" ಅಂದುಬಿಟ್ಟಳು. ಅತ್ತೆಯ ಎದುರು, ಮಾವನ ಎದುರು, ಮುಖ್ಯವಾಗಿ ಚಿಕ್ಕವಳ ಎದುರು.

ಹಾಗಾಗಿ ಇವತ್ತು ಕಾರ್ಡು ಕೂರಲೇಬೇಕಿತ್ತು.

ಮೊದಲು ಪೆಟ್ಟಿಗೆಯ ಬರಿಯ ಲೋಹವನ್ನು ಬೆರಳಿನಿಂದ ಮುಟ್ಟಿ ಮೈಯೊಳಗಿನ ವಿದ್ಯುತ್ತನ್ನು ಇಳಿಸಿಕೊಂಡಳು. ಹಿಂಬದಿಯ ಒಂದು ಪಟ್ಟಿಯನ್ನು ಕಿತ್ತು ಜಾಗ ಮಾಡಿದಳು. ಹಸಿರು ಹಲಗೆಯ ಪುಟ್ಟ ಕಾರ್ಡನ್ನು ಅಂಚಿನಲ್ಲಿ ಹಿಡಿದು, ಕಪ್ಪು ಸಂದಿಗೆ ನೇರವಾಗಿ ಇಟ್ಟು, ಎರಡು ಹೆಬ್ಬೆರಳಿನಿಂದ ಒತ್ತಿದಳು. ಟಕ್ ಎಂದು ಕೂತಿತು. ಆ ಶಬ್ದಕ್ಕೆ ಅವಳ ಮುಖ ಅರಳಿತು. ಅದೇ ಖುಷಿಯಲ್ಲಿ ಸ್ಕ್ರೂ ಬಿಗಿಯಲು ಹೋದಾಗ ಅದು ಬೆರಳಿನಿಂದ ಜಾರಿ ಪೆಟ್ಟಿಗೆಯ ಹೊಟ್ಟೆಯೊಳಗೆ ಎಲ್ಲೋ ಅಡಗಿತು.

ಅಂಗಡಿಗೆ ವಾರದ ರಜೆಯಾದ್ದರಿಂದ ಚಿಕ್ಕವಳು ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದಳು.

"ಅಕ್ಕ, ನನ್ನ ಹತ್ರ ಅಂಗಡಿಯ ಸಣ್ಣ ಸ್ಕ್ರೂಡ್ರೈವರ್ ಇದೆ. ತುದೀಲಿ ಅಯಸ್ಕಾಂತ ಇದೆ. ತರ್ಲಾ?"

"ಬೇಡ. ಸಿಗುತ್ತೆ."

ಐದು ನಿಮಿಷ ಪೆಟ್ಟಿಗೆಯನ್ನು ಆ ಕಡೆ ಈ ಕಡೆ ವಾಲಿಸಿದ್ದಾಯಿತು. ಸ್ಕ್ರೂ ಒಳಗೇ ಗಲಗಲ ಎನ್ನುತ್ತಿತ್ತು.

"ತಗೊಂಡು ಬಾರಮ್ಮ ನೀನು" ಎಂದರು ಅತ್ತೆ, ಕೂತಲ್ಲಿಂದಲೇ. "ಇವಳು ಇನ್ನೊಂದು ಸಲ ಅಲ್ಲಾಡಿಸಿದ್ರೆ ಆ ಕಂಪ್ಯೂಟರಿಗೆ ವಾಂತಿ ಬರುತ್ತೆ."

ಕನ್ನಡಕದ ಕಡ್ಡಿಗೆ ಸಾಸಿವೆಯಂಥ ಸ್ಕ್ರೂ ಕೂರಿಸುವ ಕೈ ಚಿಕ್ಕವಳದು. ಒಮ್ಮೆ ಒಳಗೆ ಹೋಗಿ ಒಮ್ಮೆ ಹೊರಗೆ ಬಂತು, ತುದಿಯಲ್ಲಿ ಸ್ಕ್ರೂ. "ಏನು ಕೈಚಳಕ!" ಎಂದರು ಅತ್ತೆ. ದೊಡ್ಡ ಸೊಸೆ ಥ್ಯಾಂಕ್ಸ್ ಎನ್ನುವುದಕ್ಕೆ ಬಾಯಿ ತೆರೆದಳು, ಬಂದದ್ದು ಮಾತ್ರ "ನಾನೇ ತೆಗೀತಿದ್ದೆ" ಎಂಬ ಮಾತು. ಚಿಕ್ಕವಳು ನಕ್ಕಳು. ಆ ನಗು ಇನ್ನಷ್ಟು ಉರಿಸಿತು.

ಸ್ಕ್ರೂ ಬಿಗಿದು, ಕಾರ್ಡಿನ ಹಿಂದೆ ಎರಡು ಆಂಟೆನಾ ತಿರುಗಿಸಿ, ತಗಡು ಮುಚ್ಚಿ, ಇಬ್ಬರೂ ಸೇರಿ ಪೆಟ್ಟಿಗೆಯನ್ನು ಮಾವನ ಕೋಣೆಗೆ ಸಾಗಿಸಿದರು. ಪೆನ್ ಡ್ರೈವಿನಲ್ಲಿ ತಂದಿಟ್ಟುಕೊಂಡಿದ್ದ, ಕಾರ್ಡು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಹಾಕಿ, ಒಮ್ಮೆ ಆರಿಸಿ ಹೊತ್ತಿಸಿದ ಮೇಲೆ ಪರದೆಯ ಮೂಲೆಯಲ್ಲಿ ಮನೆಯ ವೈಫೈ ಹೆಸರು ಕಾಣಿಸಿತು. ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿದ್ದವು. ಹಾಸಿಗೆಯಲ್ಲಿ ಒರಗಿದ್ದ ಮಾವ ಎಡಗೈ ಎತ್ತಿ ಹೆಬ್ಬೆರಳು ತೋರಿಸಿದರು. ದೊಡ್ಡ ಸೊಸೆ ಬೀಗುತ್ತಾ ಪಾಸ್‌ವರ್ಡ್ ಒತ್ತಿದಳು.

ಸಂಪರ್ಕ ಸಾಧ್ಯವಾಗಲಿಲ್ಲ, ಎಂದಿತು ಪರದೆ.

ಅಕ್ಷರ ಅಕ್ಷರ ನೋಡಿಕೊಂಡು ಮತ್ತೆ ಒತ್ತಿದಳು. ಅದೇ ಉತ್ತರ. ಡ್ರೈವರ್ ತೆಗೆದು ಮತ್ತೆ ಹಾಕಿದಳು. ಆಂಟೆನಾ ಬಿಚ್ಚಿ ಮತ್ತೆ ಬಿಗಿದಳು. ರೌಟರನ್ನು ಆರಿಸಿ, ಹತ್ತು ಎಣಿಸಿ, ಹೊತ್ತಿಸಿದಳು. ಗೋಡೆಯ ಗಡಿಯಾರ ಮೂರೂಕಾಲು ದಾಟಿತು.

"ಸಾಲದ್ದಕ್ಕೆ ಇವತ್ತು ಪರೀಕ್ಷೆ ಬೇರೆ" ಎಂದರು ಅತ್ತೆ. "ಹದಿನೈದು ಪದ ಹೇಳ್ಬೇಕಂತೆ. ನಿಮ್ಮ ಮಾವ ಬೆಳಗಿನಿಂದ ಒಬ್ಬರೇ ಗುಣುಗುಣು ಅಂತಿದ್ದಾರೆ."

ಮಾವ ಅವಳನ್ನೇ ನೋಡುತ್ತಿದ್ದರು. ಸೀಟಿಯನ್ನು ಬೆರಳುಗಳ ನಡುವೆ ಉರುಳಿಸುತ್ತಿದ್ದರು. ಈಗ ಎರಡು ಸಲ ಊದಿ ಚಿಕ್ಕವಳನ್ನು ಕರೆದುಬಿಟ್ಟರೆ ತನ್ನ ಹನ್ನೊಂದು ವರ್ಷ ಇಲ್ಲೇ ಮಣ್ಣುಪಾಲು, ಎನಿಸಿತು ಅವಳಿಗೆ.

ಮಾವ ಊದಲಿಲ್ಲ. ಚಿಕ್ಕವಳು ತಾನೇ ಮೆಲ್ಲಗೆ ಹತ್ತಿರ ಬಂದು ಕುರ್ಚಿಯ ಬೆನ್ನು ಹಿಡಿದು ನಿಂತಳು.

"ಅಕ್ಕ, ತಪ್ಪು ತಿಳ್ಕೋಬೇಡಿ. ನಮ್ಮ ಅಂಗಡೀಲಿ ಹೊಸ ಮಷಿನ್ ತಂದಾಗ ಹೀಗೇ ಆಗಿತ್ತು. ಹೆಸರು ಕಾಣ್ಸುತ್ತೆ, ಪಾಸ್‌ವರ್ಡ್ ಸರಿ ಇದೆ, ಒಳಗೆ ಮಾತ್ರ ಬಿಡ್ತಿರ್ಲಿಲ್ಲ. ರೌಟರಲ್ಲಿ ಏನೋ ಒಂದು ಪಟ್ಟಿ ಇರುತ್ತಂತಲ್ಲ, ಯಾರನ್ನ ಒಳಗೆ ಬಿಡಬೇಕು ಅಂತ..."

ದೊಡ್ಡ ಸೊಸೆ ಮೌಸ್ ಬಿಟ್ಟು ತಿರುಗಿ ನೋಡಿದಳು.

ಪಟ್ಟಿ! ಅದನ್ನು ಮಾಡಿದವಳು ಅವಳೇ. ಐದು ತಿಂಗಳ ಹಿಂದೆ, ಒಂದೇ ಸಂಜೆ ಎರಡು ಸೀಟಿ ಹತ್ತು ಸಲ ಕೇಳಿದ ದಿನ, ಹೊಟ್ಟೆಕಿಚ್ಚು ತಡೆಯಲಾರದೆ ರೌಟರಿನ ಸೆಟ್ಟಿಂಗ್ ಪುಟ ತೆರೆದು, ಪಟ್ಟಿಯಲ್ಲಿರುವ ಯಂತ್ರಗಳಿಗೆ ಮಾತ್ರ ವೈಫೈ ಸಿಗಲಿ ಎಂದು ಗುರುತು ಹಾಕಿದ್ದಳು. ತನ್ನ ಫೋನು, ಗಂಡನ ಫೋನು, ಮೈದುನನ ಫೋನು, ಅತ್ತೆಯ ಟ್ಯಾಬು. ಚಿಕ್ಕವಳ ಫೋನನ್ನು ಬಿಟ್ಟಿದ್ದಳು. ಯಾಕೆ ಸಿಗುತ್ತಿಲ್ಲ ಎಂದು ಪಾಪ ಆ ಹುಡುಗಿ ಕೇಳಿದಾಗ, "ನಿನ್ನ ಫೋನ್ ಹಳೇದು ನೋಡು, ಅದಕ್ಕೆ" ಎಂದಿದ್ದಳು. ಕಂಪ್ಯೂಟರು ತಂತಿಯಲ್ಲಿ ಇದ್ದದ್ದರಿಂದ ಅದಕ್ಕೆ ಪಟ್ಟಿಯ ತಡೆ ಇರಲಿಲ್ಲ. ಹೊಸ ಕಾರ್ಡು ಗಾಳಿಯಲ್ಲಿ ಬಂದು ಬಾಗಿಲು ತಟ್ಟಿತ್ತು. ಅವಳೇ ಹಾಕಿದ ಬೀಗ ಅವಳ ಕೈಯನ್ನೇ ಹೊರಗೆ ನಿಲ್ಲಿಸಿತ್ತು.

"ನೀನು ಹೋಗಿ ಒಂದು ಲೋಟ ಟೀ ಮಾಡ್ತೀಯಾ?" ಎಂದಳು, ಅವಳನ್ನು ಅಲ್ಲಿಂದ ಸಾಗಹಾಕಲು.

"ಟೀ ಆಮೇಲೆ ಕುಡಿದ್ರಾಯ್ತು, ಗಂಟೆ ಮೂರೂವರೆ!" ಅತ್ತೆ ಗದರಿದರು. "ಇಬ್ಬರೂ ಸೇರಿ ಮಾಡ್ರೇ."

ರೌಟರಿನ ಪುಟ ಫೋನಿನಲ್ಲಿ ಸರಿಯಾಗಿ ತೆರೆಯುತ್ತಿರಲಿಲ್ಲ, ಕಂಪ್ಯೂಟರಿಗೆ ತಂತಿ ಬೇಕು. ಸುರುಳಿ ಸುತ್ತಿಟ್ಟಿದ್ದ ತಂತಿಯನ್ನು ಚಿಕ್ಕವಳೇ ಎಳೆದು ತಂದು ಹಚ್ಚಿದಳು. ಅತ್ತೆ ಕುರ್ಚಿ ಹಾಕಿಕೊಂಡು ಬಾಗಿಲಲ್ಲಿ ಕಾವಲು ಕೂತರು. ಕಾರ್ಡಿನ ಡಬ್ಬಿಯ ಮೇಲೆ, ಪಟ್ಟಿಗೆ ಸೇರಿಸಬೇಕಾದ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಇರುವೆಯ ಸಾಲಿನಷ್ಟು ಸಣ್ಣಗೆ ಅಚ್ಚಾಗಿತ್ತು. ದೊಡ್ಡ ಸೊಸೆಗೆ ಅದು ಕಾಣಲಿಲ್ಲ. ಕಣ್ಣಿನಲ್ಲಿ ನೀರಿತ್ತೋ ಏನೋ.

"ನಾನು ಓದ್ತೀನಿ, ನೀವು ಒತ್ತಿ ಅಕ್ಕ."

ಪಟ್ಟಿ ತೆರೆಯದೆ ದಾರಿಯಿರಲಿಲ್ಲ. ತೆರೆದಳು. ನಾಲ್ಕು ಹೆಸರು. ಚಿಕ್ಕವಳ ಗಂಡನ ಹೆಸರೂ ಅಲ್ಲಿತ್ತು, ಚಿಕ್ಕವಳದು ಇರಲಿಲ್ಲ. ಮಗ್ಗುಲಲ್ಲೇ ಬಗ್ಗಿ ನಿಂತಿದ್ದ ಚಿಕ್ಕವಳ ಉಸಿರು ಒಂದು ಕ್ಷಣ ನಿಂತದ್ದು ದೊಡ್ಡ ಸೊಸೆಯ ಕಿವಿಗೆ ಕೇಳಿಸಿತು. ಈಗ ಬರುತ್ತದೆ ಮಾತು, ಎಂದು ಕತ್ತು ಬಗ್ಗಿಸಿ ಕೂತಳು.

ಬಂದದ್ದು ಕಾರ್ಡಿನ ಗುರುತಿನ ಮೊದಲ ಅಕ್ಷರ. ಆಮೇಲೆ ಎರಡನೆಯದು. ಅಂಗಡಿಯಲ್ಲಿ ಗಿರಾಕಿಗಳ ಕನ್ನಡಕದ ನಂಬರ್ ಓದುವ ಹಾಗೆಯೇ ಚಿಕ್ಕವಳು ತಡೆತಡೆದು, ಸ್ಪಷ್ಟವಾಗಿ, ಹನ್ನೆರಡನ್ನೂ ಓದಿದಳು. ಧ್ವನಿ ಮಾತ್ರ ಸ್ವಲ್ಪ ತಗ್ಗಿತ್ತು. ಉಳಿಸಿ ಎಂದು ಒತ್ತಿದ ಮೇಲೆ ಪರದೆಯ ಮೂಲೆಯಲ್ಲಿ ಮನೆಯ ಹೆಸರಿನ ಕೆಳಗೆ 'ಸಂಪರ್ಕಗೊಂಡಿದೆ' ಎಂದು ಬಂತು.

"ಏನಾಗಿತ್ತೇ ಅದಕ್ಕೆ?" ಅತ್ತೆ ಬಾಗಿಲಿನಿಂದಲೇ ಕೇಳಿದರು.

ದೊಡ್ಡ ಸೊಸೆ ಬಾಯಿ ತೆರೆಯುವ ಮೊದಲೇ ಚಿಕ್ಕವಳು, "ಏನಿಲ್ಲ ಅತ್ತೆ, ಹೊಸ ಕಾರ್ಡ್ ಅಲ್ವಾ, ರೌಟರಿಗೆ ಪರಿಚಯ ಇರ್ಲಿಲ್ಲ. ಅಕ್ಕ ಪರಿಚಯ ಮಾಡ್ಸಿದ್ರು" ಎಂದಳು.

ಅಷ್ಟೇ. ಕಣ್ಣಿನಲ್ಲಿ ಕುಹಕವಿಲ್ಲ, ಮಾತಿನಲ್ಲಿ ಮುಳ್ಳಿಲ್ಲ. ಬೈದಿದ್ದರೆ ದೊಡ್ಡ ಸೊಸೆ ಎರಡು ಮಾತು ತಿರುಗಿ ಬೈದು ಹಗುರಾಗುತ್ತಿದ್ದಳು. ಈ ಮಾತಿಗೆ ಅವಳು ಬಗ್ಗಿ ತಂತಿ ಕಿತ್ತು ಸುರುಳಿ ಸುತ್ತಿಟ್ಟಳು.

ಸರಿಯಾಗಿ ನಾಲ್ಕಕ್ಕೆ ಟೀಚರ್ ಮುಖ ಬಂತು. ಮಾವ ಹದಿನೈದರಲ್ಲಿ ಹನ್ನೊಂದು ಪದ ಹೇಳಿದರು. 'ಚಿಲ್ಲರೆ' ಎಂಬುದನ್ನು ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ ಟೀಚರೇ ನಕ್ಕುಬಿಟ್ಟರು. ಕೊನೆಗೆ ಅವರು, "ಅಜ್ಜ, ತಂತಿ ಕಾಣ್ತಿಲ್ಲ ಇವತ್ತು! ಯಾರು ಸರಿ ಮಾಡಿದ್ದು?" ಎಂದು ಕೇಳಿದರು.

ಮಾವನ ತುಟಿ ಒದ್ದಾಡಿತು. "ಇಂ..." ಎಂದರು. "ಇಂ..." ಮುಂದೆ ಬರಲಿಲ್ಲ. ಸೋತು ಸೀಟಿ ಬಾಯಿಗಿಟ್ಟರು. ದೊಡ್ಡ ಸೊಸೆ ಅಭ್ಯಾಸಬಲದಿಂದ ಎಣಿಸಿದಳು. ಉದ್ದಕ್ಕೆ, ಎದೆತುಂಬ, ಒಂದು. ಆಮೇಲೆ ಮಾವ ಉಸಿರು ತೆಗೆದುಕೊಂಡು, ಚಿಕ್ಕವಳ ಕಡೆ ತಿರುಗಿ, ಎರಡು.

"ಅಬ್ಬ, ಇವಳಿಗೆ ಒಂದು ಊದಿದ್ರಲ್ಲ, ಅದೇ ದೊಡ್ಡದು" ಎಂದು ಅತ್ತೆ ನಕ್ಕರು.

"ಯಾಕೆ, ಒಂದು ಊದೋಕೆ ಅಷ್ಟು ಕಷ್ಟಾನಾ ಅತ್ತೆ?" ಎಷ್ಟು ತಡೆದರೂ ದೊಡ್ಡ ಸೊಸೆಯ ಬಾಯಿಂದ ಬಂದೇಬಿಟ್ಟಿತು. "ಅವಳಿಗಾದ್ರೆ ದಿನಕ್ಕೆ ಏಳು ಸಲ."

"ಅಯ್ಯೋ ಹುಚ್ಚಿ. ಬಸ್ಸಲ್ಲಿ ಒಂದು ಸೀಟಿ ಅಂದ್ರೆ ನಿಲ್ಲಿಸು ಅಂತ, ಎರಡು ಅಂದ್ರೆ ಹೊರಡು ಅಂತ. ನೀನು ಕೆಲಸ ಮಾಡ್ತಾ ಕೂತಿರ್ತೀಯ. ಓಡ್ತಿರೋ ಬಸ್ಸನ್ನ ಒಂದು ಲೋಟ ನೀರಿಗೋಸ್ಕರ ನಿಲ್ಸೋ ಕಂಡಕ್ಟರಾ ಇವರು? ನೀರು ಬೇಕಾದ್ರೂ ಅವಳು ಬರೋವರೆಗೆ ಬಾಯಿ ಒಣಗಿಸ್ಕೊಂಡು ಕಾಯ್ತಾರೆ. ನಾನು ಎಷ್ಟು ಸಲ ಬೈದಿದ್ದೀನಿ."

ಮಾವ ತಪ್ಪು ಸಿಕ್ಕಿಬಿದ್ದವರಂತೆ ಗೋಡೆ ನೋಡಿದರು.

ಟೀಚರ್ ಹೋದ ಮೇಲೆ ಚಿಕ್ಕವಳು ಕಂಪ್ಯೂಟರನ್ನು ಆರಿಸಲು ಹೋದಳು.

"ತಾಳು" ಎಂದಳು ದೊಡ್ಡ ಸೊಸೆ. "ಇನ್ನೊಂದು ಸ್ವಲ್ಪ ಕೆಲಸ ಇದೆ. ನಿನ್ನ ಫೋನ್ ಕೊಡು ಇಲ್ಲಿ."

ಚಿಕ್ಕವಳು ಎರಡೂ ಕೈಯಿಂದ ಫೋನ್ ಕೊಟ್ಟಳು. "ಹಳೇ ಫೋನ್ ಅಕ್ಕ. ಆಗುತ್ತೋ ಇಲ್ವೋ" ಎಂದಳು, ನಗು ತಡೆದುಕೊಂಡು.

"ಆಗುತ್ತೆ ಬಿಡೆ. ಹಳೇದಾಗಿದ್ದು ಫೋನ್ ಅಲ್ಲ."

ಪಟ್ಟಿಯಲ್ಲಿ ಆರನೆಯ ಸಾಲು ತೆರೆದು, ಈ ಸಲ ಯಾರ ಸಹಾಯವೂ ಇಲ್ಲದೆ ಫೋನಿನ ಗುರುತಿನ ಹನ್ನೆರಡು ಅಕ್ಷರಗಳನ್ನೂ ಒಂದೊಂದಾಗಿ ಒತ್ತಿದಳು. ಹೆಸರಿನ ಜಾಗದಲ್ಲಿ 'ತಂಗಿ' ಎಂದು ಬರೆದಳು.

ಅವಳ ಹೊಟ್ಟೆಯ ಮೆಣಸಿನಕಾಯಿ ಅಂದೇ ಆರಿಹೋಯಿತೆಂದು ನಾನು ಹೇಳಲಾರೆ. ಮಾರನೆಯ ಸಂಜೆ ಗೇಟು ಕಿರ್ರೆಂದಾಗ ಅವಳ ಕಿವಿ ಮತ್ತೆ ನೆಟ್ಟಗಾಯಿತು. ಆದರೆ ಆ ಹೊತ್ತಿಗೆ ಮಾವನ ತಲೆಯ ಬಳಿ ಅವಳೇ ಒಂದು ತುಂಬಿದ ಲೋಟ ನೀರು ಮುಚ್ಚಿಟ್ಟಿದ್ದಳು. ಮಧ್ಯಾಹ್ನದಿಂದ ಅದು ಮೂರನೆಯದು, ಸೀಟಿಯಿಲ್ಲದೆ ಬಂದದ್ದು.