ಒತ್ತಿ ಬರೆದ ಕೈ

ನಾನು ಒಂದು ಮಣೆ. ಊಟಕ್ಕೆ ಹಾಕುವ ಮಣೆಯಲ್ಲ, ಮದುವೆಯಲ್ಲಿ ಅಕ್ಷತೆ ಬೀಳುವ ಹಸೆಮಣೆಯೂ ಅಲ್ಲ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರು ರಾಶಿಯ ಮುಂದೆ ಹಾಕಿಕೊಂಡು ಕೂರುವ ಗಿಡ್ಡ ಮಣೆ. ಬ್ಯಾಡಗಿಯ ಸುತ್ತಮುತ್ತ ನನ್ನಂಥವು ಬೇಕಾದಷ್ಟಿವೆ. ನಮಗೆ ಯಾರೂ ಅರಿಸಿನ-ಕುಂಕುಮ ಹಚ್ಚುವುದಿಲ್ಲ. ನಮ್ಮ ಮೈ ತಾನಾಗಿಯೇ ಕೆಂಪಾಗುತ್ತದೆ.

ನಾನು ಹುಟ್ಟಿದ್ದು ಒಂದು ಬಾಗಿಲು ಮಾಡಿ ಉಳಿದ ಮಾವಿನ ಹಲಗೆಯಲ್ಲಿ. ಬಡಿಗೇರ ಮೌನೇಶಪ್ಪ ಬಾಗಿಲನ್ನು ನಿಲ್ಲಿಸಿ, ಹಣೆ ಒರೆಸಿಕೊಂಡು, ಮನೆಯ ಯಜಮಾನನನ್ನು ಕೇಳಿದ: "ಇದೊಂದು ತುಂಡು ಉಳದೈತಲ್ಲ, ಏನ್ ಮಾಡ್ಲಿ?"

"ನಮ್ಮ ಹೊನ್ನವ್ವಗ ಒಂದು ಮಣಿ ಮಾಡಿಕೊಡು. ನಾಳಿಂದ ಮೆಣಸಿನಕಾಯಿಗೆ ಹೊಂಟಾಳ."

"ಯಾಕ, ಸಾಲಿ?"

"ಏಳನೇತ್ತ ಮುಗೀತು. ಮುಂದಿನ ಸಾಲಿ ಊರ ಬಿಟ್ಟು ಐತಿ. ಹೆಣ್ಣ ಹುಡುಗಿನ್ನ ದಿನಾ ಯಾರು ಕರಕೊಂಡು ಹೋಗೋರು?"

ಹೀಗೆ ಅದೇ ಮುಂಜಾನೆ ಒಂದು ಪಾಟಿಚೀಲ ಗೂಟಕ್ಕೆ ಏರಿತು, ನಾನು ನೆಲಕ್ಕೆ ಬಂದೆ.

ಕುಳಿತವರ ಮುಖ ನನಗೆ ಕಾಣುವುದಿಲ್ಲ. ಅವರ ಭಾರ ಮಾತ್ರ ತಿಳಿಯುತ್ತದೆ. ಒಪ್ಪಿ ಕುಳಿತವರು ಮಧ್ಯದಲ್ಲಿ ಕೂರುತ್ತಾರೆ, ಸಿಟ್ಟಿನವರು ಧೊಪ್ಪೆಂದು. ಹೊನ್ನವ್ವ ನನ್ನ ಅಂಚಿನಲ್ಲಿ ಕುಳಿತಳು, ಯಾರೋ ಈಗ ಕರೆಯುತ್ತಾರೆ, ಎದ್ದು ಹೋಗಬೇಕು ಅನ್ನುವ ಹಾಗೆ. ಎಷ್ಟೋ ದಿನ ಹಾಗೆಯೇ ಕುಳಿತಳು. ಯಾರೂ ಕರೆಯಲಿಲ್ಲ. ಒಂದು ದಿನ ಅವಳು ಮಧ್ಯಕ್ಕೆ ಸರಿದಳು. ನನಗೆ ಹಗುರ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಮದುವೆಯಾಗಿ ಗಂಡನ ಮನೆಗೆ ಬರುವಾಗ ಪಾತ್ರೆಗಳ ಜೊತೆ ನನ್ನನ್ನೂ ತಂದಳು. ಗಂಡ ಫಕ್ಕೀರೇಶ ಸರಕು ಸಾಗಿಸುವ ಟಂಟಂ ಗಾಡಿ ಓಡಿಸುತ್ತಿದ್ದ. ಅತ್ತೆ ಈರವ್ವ ಬಾಯಿ ಜೋರಿನ ಹೆಂಗಸು, ಆದರೆ ಸೊಸೆಯ ತಾಟು ಬರಿದಾಗಿದ್ದರೆ ತನ್ನ ರೊಟ್ಟಿ ಮುರಿದು ಹಾಕುವವಳು. ಅತ್ತೆ ಸೊಸೆ ಪಾಳಿಯಂತೆ ನನ್ನ ಮೇಲೆ ಕೂರುತ್ತಿದ್ದರು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಕೊಳ್ಳುವವರು ಹೇಳುತ್ತಾರೆ. ದಿನವಿಡೀ ತೊಟ್ಟು ಬಿಡಿಸಿದ ಬೆರಳುಗಳನ್ನು ಅವರು ಕೇಳಿಲ್ಲ. ಸಂಜೆ ಮನೆಗೆ ಬಂದ ಹೊನ್ನವ್ವ ಮಜ್ಜಿಗೆಯಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದಳು. ಮಗಳು ಹುಟ್ಟಿದ ಮೇಲೆ ಆ ಕೈಯಿಂದ ಕೂಸನ್ನು ಮುಟ್ಟಲು ಹೆದರಿ, ಸೆರಗನ್ನು ಕೈಗೆ ಸುತ್ತಿಕೊಂಡು ಎತ್ತಿಕೊಳ್ಳುತ್ತಿದ್ದಳು.

ಮಗಳ ಹೆಸರು ಭೂಮಿಕಾ. ನಡೆಯಲು ಕಲಿತ ಕೂಸು ನನ್ನ ಮೇಲೆ ಏರಿ ಕುಳಿತರೆ ಹೊನ್ನವ್ವ ಓಡಿ ಬಂದು ಎತ್ತಿಬಿಡುತ್ತಿದ್ದಳು.

"ಇದರ ಮ್ಯಾಲ ಕುಂದ್ರಬ್ಯಾಡ ನನ್ನವ್ವಾ."

"ಮಣಿ ಏನ್ ಕಡೀತೈತೇನ ಬೇ ಕೂಸಿಗೆ?" ಎಂದು ಅತ್ತೆ ನಕ್ಕರೆ, "ನನ್ನ ಕಡದೈತಿ, ಸಾಕು" ಅನ್ನುತ್ತಿದ್ದಳು ಸೊಸೆ.

ಆ ಮಾತು ನನಗೆ ನೋವು ತಂದಿತು. ಆದರೆ ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಮಗಳು ಓದಬೇಕು, ಈ ಮಣೆಯ ಮೇಲೆ ಕೂರಬಾರದು. ಹೊನ್ನವ್ವನಿಗೆ ಇದ್ದದ್ದು ಇದೊಂದೇ ಹಟ.

ಭೂಮಿಕಾ ಎರಡನೇತ್ತ ಮುಗಿಸುವ ಹೊತ್ತಿಗೆ ಆ ರೋಗ ಬಂತು. ಪ್ಯಾಟಿ ಬಂದಾಯಿತು, ಸಾಲಿ ಬಂದಾಯಿತು. ಮೆಣಸಿನಕಾಯಿ ಅಂಗಳಗಳಿಗೆ ಬೀಗ ಬಿತ್ತು. ನಾನು ಗೋಡೆಗೆ ಒರಗಿಕೊಂಡು ಧೂಳು ತಿನ್ನುತ್ತಾ ನಿಂತೆ. ಕೆಲವು ದಿನಗಳ ಮೇಲೆ ಸಾಲಿಯ ಅಕ್ಕೋರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಓಣಿಗೆ ಬಂದು, ಮಕ್ಕಳಿಗೆ ಅಭ್ಯಾಸದ ಹಾಳೆಗಳನ್ನು ಹಂಚಿ ಹೋದರು. ಬರೆದು, ಫೋಟೋ ತೆಗೆದು ಫೋನಿನಲ್ಲಿ ಕಳಿಸಬೇಕು. ಮನೆಯಲ್ಲೇ ಕಲಿಸಿರಿ, ಕೂಸಿನ ಪಕ್ಕ ಕೂಡ್ರಿರಿ ಎಂದು ತಾಯಂದಿರಿಗೆ ಹೇಳಿದರು.

ಆ ದಿನ ಹೊನ್ನವ್ವ ನನ್ನನ್ನು ಅಂಟುವಾಳದ ನೀರಿನಲ್ಲಿ ತಿಕ್ಕಿ ತೊಳೆದಳು. ಬಿಸಿಲಿಗೆ ಒಣಗಿಸಿ, ಎರಡು ಎಣ್ಣೆ ಡಬ್ಬಿಗಳ ಮೇಲೆ ಅಡ್ಡ ಇಟ್ಟಳು. ನಾನು ಮೇಜಾದೆ. ಮಗಳು ನನ್ನ ಈಚೆ, ಅವಳು ಆಚೆ, ಇಬ್ಬರೂ ಬರಿ ನೆಲದ ಮೇಲೆ. ಅಷ್ಟು ವರ್ಷ ನಾನು ಹೊತ್ತವಳ ಮುಖವನ್ನು ಅವತ್ತು ಮೊದಲ ಸಲ ಎದುರಿನಿಂದ ಕಂಡೆ. ಮೂಗುಬೊಟ್ಟಿನ ಪಕ್ಕ ಒಂದು ಚಿಕ್ಕ ಮಚ್ಚೆ ಇತ್ತು. ನಾನು ಅಂದುಕೊಂಡದ್ದಕ್ಕಿಂತ ಸಣ್ಣ ವಯಸ್ಸಿನವಳು.

ಮೊದಮೊದಲು ಅವಳು ಚೆನ್ನಾಗಿಯೇ ಕಲಿಸಿದಳು. ತವೆಯ ಮಸಿಯಲ್ಲಿ ಅಕ್ಷರ, ರೊಟ್ಟಿಯ ಹಿಟ್ಟಿನಲ್ಲಿ ಒತ್ತಕ್ಷರ. ಭೂಮಿಕಾಳ ಕೈ ಬಲು ಹಗುರ. ಪೆನ್ಸಿಲು ನನ್ನ ಮೇಲೆ ಇರುವೆ ಹರಿದ ಹಾಗೆ ಹರಿಯುತ್ತಿತ್ತು, ಅರ್ಧ ದಾರಿಗೆ ನಿಲ್ಲುತ್ತಿತ್ತು. ಹುಡುಗಿ ಕಿಟಕಿಯತ್ತ ನೋಡುತ್ತಿದ್ದಳು, ಬೆಕ್ಕನ್ನು ಕರೆಯುತ್ತಿದ್ದಳು, ಹೊಟ್ಟೆ ನೋವು ಅನ್ನುತ್ತಿದ್ದಳು. ಫೋನು ಇದ್ದದ್ದು ಫಕ್ಕೀರೇಶನ ಬಳಿ. ಅವನು ತರಕಾರಿ ಹೇರಲು ಹೋಗುವ ಮೊದಲು ಫೋಟೋ ಹೋಗಬೇಕಿತ್ತು.

ಒಂದು ದಿನ ಹೊರಗೆ ಟಂಟಂ ಹಾರ್ನ್ ಹೊಡೆಯುತ್ತಿತ್ತು. ಹಾಳೆಯಲ್ಲಿ ಎರಡೇ ಸಾಲು ಆಗಿತ್ತು. "ಇದೊಂದು ದಿನ ನಾ ಬರೀತೀನಿ ತಾ" ಎಂದು ಹೊನ್ನವ್ವ ಪೆನ್ಸಿಲು ಇಸಿದುಕೊಂಡಳು.

ಕಾಗದದ ಮೂಲಕ ಅವಳ ಕೈ ನನ್ನ ಮೈಗೆ ಒತ್ತಿತು. ಎಂಥ ಒತ್ತು ಅದು! ತೊಟ್ಟು ಮುರಿದು ಗಟ್ಟಿಯಾದ ಬೆರಳು. ಮಾವಿನ ಮರ ಮೃದು, ಒತ್ತಿದ್ದು ಉಳಿಯುತ್ತದೆ. ಪ್ರತಿ ಅಕ್ಷರದ ಗೆರೆ ನನ್ನಲ್ಲಿ ಇಳಿಯಿತು. ಅಷ್ಟು ವರ್ಷ ಗೂಟಕ್ಕೆ ತೂಗುಬಿದ್ದ ಪಾಟಿಚೀಲ ಒಮ್ಮೆಲೇ ಕೆಳಗಿಳಿದ ಹಾಗಿತ್ತು.

ಸಂಜೆ ಫೋನಿನಲ್ಲಿ ಅಕ್ಕೋರು ಮಾತಾಡಿ ಕಳಿಸಿದ್ದು ಬಂತು: "ಭೂಮಿಕಾ, ಭಾಳ ಶಾಣ್ಯಾ ಆಗೀಯಲ್ಲವಾ! ಮುತ್ತು ಪೋಣಿಸಿದಂಗ ಬರದೀ. ಹಿಂಗ ಬರಕೋತ ಹೋಗು."

ಹೊನ್ನವ್ವ ಅದನ್ನು ಇನ್ನೊಮ್ಮೆ ಹಚ್ಚಿ ಕೇಳಿದಳು. ಮಗಳು ಮಲಗಿದ ಮೇಲೆ ಮತ್ತೊಮ್ಮೆ, ದನಿ ಸಣ್ಣದು ಮಾಡಿ. ಅವಳ ಕೆನ್ನೆಗೆ ಬಣ್ಣ ಏರಿದ್ದನ್ನು ನಾನು ಕಂಡೆ. ಯಾರೂ ಅವಳಿಗೆ ಶಾಣ್ಯಾ ಅಂದವರಿರಲಿಲ್ಲ.

ಒಂದು ದಿನದ್ದು ವಾರದ್ದಾಯಿತು, ವಾರದ್ದು ರೂಢಿಯಾಯಿತು. ಹೊನ್ನವ್ವ ಜಾಣೆ. ಕೂಸಿನ ಕೈಯಂತೆ ಕಾಣಲಿ ಎಂದು ಅಕ್ಷರ ಸ್ವಲ್ಪ ಸೊಟ್ಟ ಮಾಡುತ್ತಿದ್ದಳು. ಅಲ್ಲಲ್ಲಿ ಬೇಕೆಂದೇ ಒಂದು ತಪ್ಪು ಮಾಡಿ ಅಳಿಸುತ್ತಿದ್ದಳು. ಸೊಟ್ಟ ಮಾಡಿದರೂ ಒತ್ತು ಅವಳದೇ. ಫೋಟೋ ನೋಡುವವರಿಗೆ ಅದು ಹೇಗೆ ತಿಳಿಯಬೇಕು? ತಿಳಿದದ್ದು ನನಗೆ, ಬಿಟ್ಟರೆ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಈರವ್ವನಿಗೆ.

"ಹೊನ್ನವ್ವಾ, ಸಾಲಿ ಕಲಿಯಾಕಿ ಮಗಳೋ, ನೀನೋ?"

"ಇಬ್ಬರೂ ಅತ್ತಿ."

"ಹಂಗಾದ್ರ ಆಕಿ ಬೆಕ್ಕಿನ ಕೂಡ ಆಡಾಕತ್ತಾಳಲ್ಲ. ಬೆಕ್ಕೂ ನಿಮ್ಮ ವರ್ಗದಾಗ ಐತೇನು?"

ಹೊನ್ನವ್ವ ನಕ್ಕುಬಿಟ್ಟಳು. ಆ ದಿನಗಳಲ್ಲಿ ಅವಳು ಸುಲಭವಾಗಿ ನಗುತ್ತಿದ್ದಳು. ಒಲೆ ಊದುತ್ತಾ ಮಗ್ಗಿ ಹೇಳುತ್ತಿದ್ದಳು. ಹಾಳೆ ಬರುವ ದಿನ ತಲೆ ಬಾಚಿಕೊಂಡು ನನ್ನ ಮುಂದೆ ಕೂರುತ್ತಿದ್ದಳು. ಅದನ್ನು ತಪ್ಪು ಎನ್ನಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ. ಆದರೆ ಕೂರಬೇಕಾದ ಹುಡುಗಿ ನನ್ನ ಮುಂದಿರಲಿಲ್ಲ.

ಒಂದು ಸಲ ಹಾಳೆಯಲ್ಲಿ ಹೀಗೆ ಕೇಳಿದ್ದರು: ನಿಮ್ಮ ತಾಯಿಯ ಬಗ್ಗೆ ಐದು ವಾಕ್ಯ ಬರೆಯಿರಿ. ಹೊನ್ನವ್ವ ಬಹಳ ಹೊತ್ತು ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕುಳಿತಳು. ನನ್ನ ಅವ್ವ ಮೆಣಸಿನಕಾಯಿ ಬಿಡಿಸುತ್ತಾಳೆ ಎಂದು ಬರೆದಳು. ಅಳಿಸಿದಳು. ನನ್ನ ಅವ್ವ ಪುಸ್ತಕ ಓದುತ್ತಾಳೆ ಎಂದು ಬರೆದಳು. ಅಷ್ಟರಲ್ಲಿ ಭೂಮಿಕಾ ಬೆಕ್ಕನ್ನು ಎತ್ತಿಕೊಂಡು ಬಂದಳು.

"ಏನ್ ಬರದಿ ಯವ್ವಾ?"

ಹೊನ್ನವ್ವ ಓದಿ ಹೇಳಿದಳು.

"ನಾ ಆದ್ರ ಹಂಗ ಬರೀತಿರಲಿಲ್ಲ."

"ಮತ್ತ ಏನಂತ ಬರೀತಿದ್ದಿ?"

"ನಮ್ಮವ್ವನ ಕೈ ಉರೀತಾವ, ಅದಕ್ಕ ಆಕಿ ನನ್ನ ಸೆರಗಿನಿಂದ ಮುಟ್ಟತಾಳ ಅಂತ."

ಹೊನ್ನವ್ವನ ಪೆನ್ಸಿಲು ನನ್ನ ಮೇಲೆ ನಿಂತಿತು. ಆಗ ಅದನ್ನು ಮಗಳ ಕೈಗೆ ಕೊಟ್ಟಿದ್ದರೆ! ಕಾಗುಣಿತ ತಪ್ಪುತ್ತಿತ್ತು, ಒತ್ತಕ್ಷರ ಬಿಟ್ಟುಹೋಗುತ್ತಿತ್ತು, ಹಾಳೆ ಹರಿಯುತ್ತಿತ್ತೋ ಏನೋ. ಆದರೂ ಅದು ಹುಡುಗಿಯ ಮಾತು, ಅವಳೇ ಬರೆಯಬಹುದಾಗಿದ್ದ ಮಾತು. ನಾನು ಕಾದೆ. ಹೊರಗೆ ಟಂಟಂ ಹಾರ್ನ್ ಹೊಡೆಯಿತು.

"ಹಂಗೆಲ್ಲಾ ಬರೀಬಾರದವಾ, ಅಕ್ಕೋರು ಏನಂದಾರು?" ಎಂದು ಹೊನ್ನವ್ವ ಉಳಿದ ವಾಕ್ಯಗಳನ್ನು ಲಗುಬಗೆಯಿಂದ ಮುಗಿಸಿದಳು. ಹುಡುಗಿ ಬೆಕ್ಕಿನೊಂದಿಗೆ ಹೊರಗೆ ಹೋದಳು. ಆ ಸಾಲು ನನ್ನ ಮೇಲೆ ಎಂದೂ ಮೂಡಲಿಲ್ಲ. ನನ್ನ ಮೈತುಂಬ ಎಷ್ಟೋ ಗೆರೆಗಳಿವೆ. ಇಲ್ಲದ ಆ ಒಂದೇ ಸಾಲು ನನಗೆ ಹೆಚ್ಚು ನೆನಪು.

ಸಾಲಿ ಮತ್ತೆ ತೆರೆಯುವಾಗ ಭೂಮಿಕಾ ನಾಲ್ಕನೇತ್ತಕ್ಕೆ ಬಂದಿದ್ದಳು. ಹೊನ್ನವ್ವ ಅವಳಿಗೆ ಎರಡು ಜಡೆ ಹೆಣೆದು, ಕೆಂಪು ರಿಬ್ಬನ್ ಕಟ್ಟಿ ಕಳಿಸಿದಳು. ಸಂಜೆ ಹುಡುಗಿ ಬಂದಳು. ಚೀಲ ಇಳಿಸಲಿಲ್ಲ. ಡಬ್ಬಿಗಳ ಮೇಲಿನಿಂದ ನನ್ನನ್ನು ಇಳಿಸಿ, ನೆಲಕ್ಕೆ ಹಾಕಿಕೊಂಡು, ನನ್ನ ಮೇಲೆ ಕುಳಿತಳು. ಅಂಚಿನಲ್ಲಿ ಅಲ್ಲ. ನಡುಮಧ್ಯದಲ್ಲಿ, ಇಷ್ಟು ಚಿಕ್ಕ ಕೂಸಿಗೆ ಎಲ್ಲಿಂದ ಬಂತೋ ಅನ್ನುವಷ್ಟು ಭಾರವಾಗಿ.

"ಏಳವಾ, ಅಲ್ಲಿ ಕುಂದ್ರಬ್ಯಾಡ. ಏನಾತು?"

"ಅಕ್ಕೋರು ಎಲ್ಲಾರ ಮುಂದ ನನ್ನ ಕರದ್ರು. ಭೂಮಿಕಾ ಭಾಳ ಶಾಣ್ಯಾ, ಈ ಪಾಠ ಓದಿ ತೋರಸ್ತಾಳ ಅಂದ್ರು." ಹುಡುಗಿ ಜಡೆಯ ರಿಬ್ಬನ್ ಎಳೆದು ಬಿಚ್ಚಿದಳು. "ನನಗ ಓದಾಕ ಬರಲಿಲ್ಲ. ಎಲ್ಲಾರೂ ನಕ್ಕರು."

ಹೊನ್ನವ್ವನ ದನಿ ಸಣ್ಣದಾಯಿತು. "ಅಕ್ಕೋರು ಏನಂದ್ರು?"

"ಹಾಳಿ ಮ್ಯಾಲ ಬರದಾಕಿ ಯಾರು ಅಂತ ಕೇಳಿದ್ರು."

"ನೀ ಏನಂದಿ?"

"ನಾನ ಬರದೇನ್ರಿ ಅಂದೆ. ಸುಳ್ಳು ಹೇಳ್ತೀ ಅಂತ ಮೂಲ್ಯಾಗ ನಿಲ್ಲಿಸಿದ್ರು. ನಿನ್ನ ಹೆಸರು ಹೇಳಲಿಲ್ಲ ಯವ್ವಾ."

ಹೊನ್ನವ್ವ ಮಗಳ ಮುಂದೆ ನೆಲಕ್ಕೆ ಕುಳಿತಳು. ಬರಿ ಕೈಯಿಂದ, ಸೆರಗು ಸುತ್ತಿಕೊಳ್ಳದೆ, ಹುಡುಗಿಯ ಎರಡೂ ಪಾದಗಳನ್ನು ಹಿಡಿದುಕೊಂಡಳು.

ಮರುದಿನ ಅವಳು ಸಾಲಿಗೆ ಹೋಗಿ ಬಂದು, ಚಪ್ಪಲಿ ಕಳೆದು, ಅತ್ತೆಗೆ ಹೇಳಿದಳು: "ಬರದಾಕಿ ನಾನ್ರಿ, ಆಕಿದು ತಪ್ಪಿಲ್ಲ ಅಂತ ಹೇಳಿದೆ. ಅಕ್ಕೋರು ಬೈಲಿಲ್ಲ ಅತ್ತಿ. ನೀವು ಎಷ್ಟನೇತ್ತ ಓದೀರಿ ಅಂತ ಕೇಳಿದ್ರು. ನೀವು ಮುಂದ ಓದಬೇಕಿತ್ತು ಅಂದ್ರು."

"ಬೈದಿದ್ರ ಛಲೋ ಇತ್ತು" ಎಂದಳು ಈರವ್ವ. ಹೊನ್ನವ್ವ ತಲೆಯಾಡಿಸಿದಳು. ಅಂದಿನಿಂದ ಅವಳು ಪೆನ್ಸಿಲು ಹಿಡಿದದ್ದನ್ನು ನಾನು ಕಂಡಿಲ್ಲ.

ಆಮೇಲೆ ಅಂಗಳಗಳ ಬೀಗವೂ ತೆರೆಯಿತು; ಹಗಲು ಅಲ್ಲಿ ದುಡಿದು ಬಂದ ನನ್ನನ್ನು ಸಂಜೆಗಳಲ್ಲಿ ಮತ್ತೆ ಡಬ್ಬಿಗಳ ಮೇಲೆ ಇಡುತ್ತಿದ್ದರು. ಮಗಳು ಬರೆಯುತ್ತಿದ್ದಳು, ತಾಯಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂರುತ್ತಿದ್ದಳು. ಪೆನ್ಸಿಲು ತಾಯಿಯ ಹಳೆಯ ಗೆರೆಗಳಿಗೆ ಸಿಕ್ಕು ತೊಡರುತ್ತಿತ್ತು. ಕಾಗದ ಅಲ್ಲಿ ತೂತಾಗುತ್ತಿತ್ತು. "ಈ ಮಣಿ ಸರಿ ಇಲ್ಲ" ಎಂದು ಹುಡುಗಿ ಗೊಣಗುತ್ತಿದ್ದಳು. ಒಂದಿಷ್ಟು ಕಲಿತಳು. ಆದರೆ ಅವಳ ವಯಸ್ಸಿನವರು ಆಗಲೇ ಮುಂದೆ ಹೋಗಿದ್ದರು, ಮೂಲೆಯಲ್ಲಿ ನಿಂತ ದಿನ ಅವಳ ಹಿಂದೆಯೇ ಇತ್ತು. ಓದು ಅಂದರೆ ಅವಳ ದನಿ ಒಳಗೆ ಹೋಗಿಬಿಡುತ್ತಿತ್ತು.

ಈ ವರ್ಷ ಭೂಮಿಕಾಳಿಗೆ ಏಳನೇತ್ತ. ಸೂಟಿಯಲ್ಲಿ ಒಂದು ದಿನ ಈರವ್ವನಿಗೆ ಅಂಗಳದಲ್ಲೇ ಸೊಂಟ ಹಿಡಿದು, ಅವಳು ಮನೆಗೆ ಮರಳಿದಳು. ಬುತ್ತಿ ಕೊಡುವ ನೆವ ಮಾಡಿ ಹುಡುಗಿ ಅಂಗಳಕ್ಕೆ ಬಂದಳು. ಅಜ್ಜಿಗೆಂದು ರಾಶಿಯ ಮುಂದೆ ಹಾಕಿದ್ದ ನಾನು ಖಾಲಿ ಇದ್ದೆ. ಬಂದವಳೇ ನನ್ನ ಮೇಲೆ ಕುಳಿತು ಬಿಡಿಸತೊಡಗಿದಳು. ಅವಳ ಬೆರಳು ಎಂಥ ಚುರುಕು! ತೊಟ್ಟು ಚಟ್ಟನೆ ಮುರಿಯುತ್ತಿತ್ತು, ಕಾಯಿ ಒಡೆಯುತ್ತಿರಲಿಲ್ಲ. ಪೆನ್ಸಿಲು ಹಿಡಿದಾಗ ಇರುವೆಯಂತೆ ಹರಿಯುತ್ತಿದ್ದ ಕೈ ಇದೇನಾ?

"ಏ ಹೊನ್ನವ್ವಾ, ನೋಡ ಬೇ ನಿನ್ನ ಮಗಳ್ನ!" ಎಂದಳು ಪಕ್ಕದ ರಾಶಿಯ ಹೆಂಗಸು. "ನಿನ್ನ ಕೈನ ಬಂದೈತಿ ಆಕಿಗೆ. ಭಾಳ ಶಾಣ್ಯಾ ಅದಾಳ!"

ನನ್ನ ಮೇಲೆ ಕುಳಿತವಳ ಮುಖ ನನಗೆ ಕಾಣುವುದಿಲ್ಲ. ಆದರೆ ಅವಳ ಮೈ ಹಗುರಾದದ್ದು, ಬೆನ್ನು ನೆಟ್ಟಗಾದದ್ದು ತಿಳಿಯಿತು. ಎದುರಿಗೆ ನಿಂತ ಹೊನ್ನವ್ವನ ಮುಖ ಮಾತ್ರ ಕಾಣುತ್ತಿತ್ತು. ಅವಳು ಮಗಳ ಕೆನ್ನೆಯನ್ನೇ ನೋಡುತ್ತಿದ್ದಳು. ಆ ಬಣ್ಣವನ್ನು ಅವಳು ಬಲ್ಲಳು. ಆ ಮಾತಿಗೆ ಎಷ್ಟು ಹಸಿವು ಇರುತ್ತದೆ ಎಂಬುದನ್ನೂ ಬಲ್ಲಳು. ಮಗಳಿಗೆ ತನ್ನದೇ ಎಂದು ಸಿಕ್ಕ ಮೊದಲ ಶಾಣ್ಯಾ ಅದು, ಸಿಕ್ಕಿದ್ದು ನನ್ನ ಮೇಲೆ.

ಹೊನ್ನವ್ವ ಸಿಟ್ಟಾಗಲಿಲ್ಲ. ರಾಶಿ ಮುಗಿಯುವವರೆಗೆ ಮಗಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಬಿಡಿಸಿದಳು. ಮನೆಗೆ ಬಂದು ಮಗಳ ಕೈಗೆ ಮಜ್ಜಿಗೆ ಸುರಿದಳು. ಆಮೇಲೆ ನಿಚ್ಚಣಿಕೆ ಹಾಕಿ ನನ್ನನ್ನು ಅಟ್ಟಕ್ಕೆ ಏರಿಸಿದಳು.

"ಮಣಿ ಎಲ್ಲಿ?" ಎಂದಳು ಭೂಮಿಕಾ.

"ಮುರೀತು."

ನಾನು ಮುರಿದಿಲ್ಲ. ಹರಕು ಗೋಣಿಚೀಲಗಳ ಪಕ್ಕ ಮೇಲ್ಮುಖವಾಗಿ ಬಿದ್ದಿದ್ದೇನೆ. ಹಂಚಿನ ಸಂದಿಯ ಬಿಸಿಲು ಓರೆಯಾಗಿ ಬಿದ್ದಾಗ ನನ್ನ ಮೈಮೇಲಿನ ಅಕ್ಷರಗಳು ಎದ್ದು ಕಾಣುತ್ತವೆ. ಎಲ್ಲವೂ ಒಬ್ಬಳವೇ. ನಾನು ಗಟ್ಟಿ ಮರವಾಗಿ ಹುಟ್ಟಿದ್ದರೆ ಇಷ್ಟು ಉಳಿಯುತ್ತಿರಲಿಲ್ಲ. ಮಗಳ ದಾರಿಗೂ ತೊಡಕಾಗುತ್ತಿರಲಿಲ್ಲ.

ಸಾಲಿ ಮತ್ತೆ ಶುರುವಾಗಿದೆ. ಹುಡುಗಿ ಹೋಗುತ್ತಿದ್ದಾಳೆ. ಎಲ್ಲಿಯವರೆಗೆ, ನನಗೆ ತಿಳಿಯದು. ಸಂಜೆ ಕೆಳಗಿನಿಂದ ಅವಳ ದನಿ ಕೇಳುತ್ತದೆ.

"ಊರ ಮುಂದೆ ಒಂದು ಅಶ್... ಅಶ್ವ..."

ನಿಲ್ಲುತ್ತದೆ. ಅಶ್ವತ್ಥ ಎಂಬುದು ನನಗೆ ಗೊತ್ತು, ಮರದ ಜಾತಿಯವಳು ನಾನು. ಹೊನ್ನವ್ವನಿಗೂ ಗೊತ್ತು. ಹಿಂದೆ ಆಗಿದ್ದರೆ ಅವಳು ಥಟ್ಟನೆ ಹೇಳಿಬಿಡುತ್ತಿದ್ದಳು. ಹುಡುಗಿ ಬೇಸರದಿಂದ "ಯವ್ವಾ, ಹೇಳ ಬೇ" ಅನ್ನುತ್ತಾಳೆ.

ಹೊನ್ನವ್ವ ಹೇಳುವುದಿಲ್ಲ. ರೊಟ್ಟಿ ಬಡಿಯುವುದನ್ನೂ ನಿಲ್ಲಿಸಿ ಕಾಯುತ್ತಾಳೆ.

"ಅಶ್..." ಎಂದು ಹುಡುಗಿ ಮತ್ತೆ ಮೊದಲಿನಿಂದ ಹಿಡಿಯುತ್ತಾಳೆ.